ಅದ್ಭುತರಸವೂ ಹಿನ್ನೆಲೆಯ ವಾದ್ಯವೃಂದವೂ: '2001' ಚಲಚ್ಚಿತ್ರದ ಸಂಗೀತವನ್ನು ಕುರಿತ ಒಂದು ವಿಚಾರ

ದೃಶ್ಯಕಾವ್ಯದಲ್ಲಿ ಸಂಗೀತಕ್ಕೆ ಸಲ್ಲತಕ್ಕ ಸ್ಥಾನವಾವುದೆಂಬ ಪ್ರಶ್ನೆಯು ನಮ್ಮ ಲಾಕ್ಷಣಿಕರಿಗೆ ಹೊಸತೇನಲ್ಲ. ಭರತಮುನಿಯು ಧ್ರುವಾಗಾನವನ್ನು ನಿರೂಪಿಸುತ್ತ, ಪಾತ್ರವು ರಂಗವನ್ನು ಹೊಗುವಾಗ ಪ್ರಾವೇಶಿಕೀ, ಹೊರಡುವಾಗ ನೈಷ್ಕ್ರಾಮಿಕೀ, ನಡೆಯುತ್ತಿರುವ ರಸವನ್ನು ಮುರಿದು ಬೇರೊಂದನ್ನು ತರುವಾಗ ಆಕ್ಷೇಪಿಕೀ, ಕದಡಿದ ಸಾಮಾಜಿಕರ ಚಿತ್ತವನ್ನು ತಿಳಿಗೊಳಿಸುವಾಗ ಪ್ರಾಸಾದಿಕೀ, ನಡುವೆ ಬಿದ್ದ ತೆರಪನ್ನು ಮುಚ್ಚುವಾಗ ಆಂತರಾ ಎಂದು ಐದು ಬಗೆಗಳನ್ನು ಹೇಳಿರುವುದು ವಾಚಕರಿಗೆ ತಿಳಿದೇ ಇದೆ. ಇಷ್ಟು ಸೂಕ್ಷ್ಮವಾದ ವಿಭಾಗವು ಪರಂಪರೆಯಲ್ಲಿದ್ದರೂ, ಚಲಚ್ಚಿತ್ರವನ್ನು ಕುರಿತು ಕನ್ನಡದಲ್ಲಿ ಬರೆಯುವವರು ಸಂಗೀತವೆಂದರೆ ಹಾಡೆಂದೇ ತಿಳಿದು, ಹಾಡಿಲ್ಲದೆಡೆಯಲ್ಲಿ ವಾದ್ಯಗಳು ಮಾಡುವ ಕೆಲಸವನ್ನು ವಿಚಾರಕ್ಕೆ ತೆಗೆದುಕೊಳ್ಳುವುದೇ ವಿರಳ. 1968ರಲ್ಲಿ ದೊರೈ-ಭಗವಾನರ 'ಜೇಡರ ಬಲೆ'ಯು ಬಂದಿತಷ್ಟೆ. ಲೋಹವನ್ನು ಚಿನ್ನವಾಗಿಸುವ ಒಂದು ಸೂತ್ರದ ಸುತ್ತ ಹೆಣೆದ ಆ ಕಥೆಯು ವಿಜ್ಞಾನಕಲ್ಪನೆಯ ಹೊಸ್ತಿಲಲ್ಲಿ ನಿಲ್ಲುವಂಥದು. ಸಂಗೀತವನ್ನು ಕೊಟ್ಟವರು ಜಿ. ಕೆ. ವೆಂಕಟೇಶರು. ಅದರ ಹಾಡುಗಳ ನೆನಪು ಜನರಲ್ಲುಂಟು. ಅದರ ಹಿನ್ನೆಲೆಯ ವಿಚಾರವಾಗಿ ಮಾತಾಡಿದವರನ್ನು ಈ ಲೇಖಕನು ಕಾಣನು.

ಅದೇ 1968ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಪ್ರದರ್ಶಿತವಾದ ಸ್ಟ್ಯಾನ್ಲಿ ಕೂಬ್ರಿಕನ '2001: ಎ ಸ್ಪೇಸ್ ಒಡಿಸ್ಸಿ' ಎಂಬ ಚಿತ್ರವನ್ನು ಪ್ರಕೃತ ಲೇಖನಕ್ಕೆ ವಿಷಯವಾಗಿ ಆರಿಸಿಕೊಂಡಿದೆ. ಪರದೇಶದ ಚಿತ್ರಕ್ಕೆ ಇಲ್ಲಿ ಎಡೆಯೇಕೆಂದು ಕೇಳುವವರಿಗೆ ಎರಡು ಸಮಾಧಾನಗಳಿವೆ. ಅದ್ಭುತರಸಕ್ಕೆ ಸಂಗೀತವು ಹೇಗೆ ಅಂಗವಾಗಬಲ್ಲದು, ಹೇಗೆ ಭಂಗವಾಗಬಲ್ಲದು ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು ಎಂಬುದು ಒಂದು. ಆ ಸಂಗೀತದ ಚರಿತ್ರೆಯ ಒಂದು ಎಳೆಯು ಮೈಸೂರಿನ ಅರಮನೆಯವರೆಗೂ ಬಂದಿದೆ ಎಂಬುದು ಇನ್ನೊಂದು.

ಚಿತ್ರದ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. ಮಾನವನು ಇನ್ನೂ ವಾನರಪ್ರಾಯನಾಗಿದ್ದ ಕಾಲದಲ್ಲಿ ಒಂದು ಕಪ್ಪು ಚಪ್ಪಡಿಯು ಎಲ್ಲಿಂದಲೋ ಬಂದು ನಿಲ್ಲುತ್ತದೆ. ಆ ಬಳಿಕ ಒಂದು ವಾನರಕ್ಕೆ ಮೂಳೆಯನ್ನು ಆಯುಧವಾಗಿ ಹಿಡಿಯುವ ಬುದ್ಧಿ ಹುಟ್ಟುತ್ತದೆ. ಮುಂದೆ ಚಂದ್ರನ ಮೇಲೆ, ಅನಂತರ ಗುರುಗ್ರಹದ ಬಳಿ ಅಂಥದೇ ಚಪ್ಪಡಿಯು ಕಾಣುತ್ತದೆ; ಕೊನೆಗೆ ಬೋಮನ್ ಎಂಬ ಯಾತ್ರಿಕನು ಅದರ ಮೂಲಕ ಹಾದು ನಕ್ಷತ್ರಶಿಶುವಾಗಿ ಪುನರ್ಜನ್ಮವನ್ನು ಪಡೆಯುತ್ತಾನೆ. ಮೊದಲ ಸುಮಾರು 25 ನಿಮಿಷಗಳಲ್ಲಿ ಒಂದು ಮಾತೂ ಇಲ್ಲ. ಮಾತಿಲ್ಲದ ಇಂಥ ಚಿತ್ರದಲ್ಲಿ ಸಂಗೀತದ ಹೊಣೆ ಎಷ್ಟು ದೊಡ್ಡದೆಂಬುದನ್ನು ಊಹಿಸಬಹುದು. ಆ ಹೊಣೆಯನ್ನು ಮೊದಲು ಹೊತ್ತವನು ಅಲೆಕ್ಸ್ ನಾರ್ತ್. ಕೂಬ್ರಿಕನ 'ಸ್ಪಾರ್ಟಕಸ್' (1960) ಚಿತ್ರಕ್ಕೆ ಸಂಗೀತವನ್ನು ರಚಿಸಿದ್ದವನೂ ಇವನೇ. 1968ರ ಆರಂಭದಲ್ಲಿ ಚಿತ್ರದ ಮೊದಲರ್ಧಕ್ಕೆ ಬೇಕಾದಷ್ಟನ್ನು ರಚಿಸಿ ವಾದ್ಯವೃಂದದಿಂದ ಮುದ್ರಿಸಿಯೂ ಕೊಟ್ಟನು. ಕೂಬ್ರಿಕನಾದರೋ ಅದನ್ನು ಪೂರ್ತಿಯಾಗಿ ಬಿಟ್ಟು, ಚಿತ್ರವನ್ನು ಜೋಡಿಸುವಾಗ ತಾತ್ಕಾಲಿಕವಾಗಿ ಹಾಕಿಕೊಂಡಿದ್ದ ಹಳೆಯ ಧ್ವನಿಮುದ್ರಿಕೆಗಳನ್ನೇ ಉಳಿಸಿಕೊಂಡನು. ತನ್ನ ಸಂಗೀತದಲ್ಲಿ ಒಂದು ಸ್ವರವೂ ಉಳಿದಿಲ್ಲವೆಂಬುದು ನಾರ್ತನಿಗೆ ತಿಳಿದದ್ದು ನ್ಯೂಯಾರ್ಕಿನ ಪ್ರದರ್ಶನದಲ್ಲಿ ಕುಳಿತಾಗ. ಕಲಾವಿದನೊಬ್ಬನಿಗೆ ಇದಕ್ಕಿಂತ ಕಹಿಯಾದ ಅನುಭವವುಂಟೆ? ಅದರೆ ಕಹಿಯು ಬೇರೆ, ವಿಮರ್ಶೆಯು ಬೇರೆ. ಕೂಬ್ರಿಕನ ನಡತೆಯನ್ನು ಖಂಡಿಸಿದ ಮೇಲೂ ಅವನ ಆಯ್ಕೆಯು ಸರಿಯೋ ತಪ್ಪೋ ಎಂಬ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ. ನಾರ್ತನ ಮಿತ್ರನಾದ ಜೆರಿ ಗೋಲ್ಡ್‌ಸ್ಮಿತನು 1993ರಲ್ಲಿ ಆ ತಿರಸ್ಕೃತ ಕೃತಿಯನ್ನು ಹೊಸದಾಗಿ ನುಡಿಸಿ ಪ್ರಕಟಿಸಿದ್ದರಿಂದಲೂ, 2007ರಲ್ಲಿ 1968ರ ಮೂಲ ಮುದ್ರಿಕೆಯೇ ಹೊರಬಂದುದರಿಂದಲೂ, ಈಗ ಎರಡನ್ನೂ ಕೇಳಿ ತೂಗುವುದು ಸಾಧ್ಯವಾಗಿದೆ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಸ್ವಶಬ್ದವಾಚ್ಯತ್ವವೆಂಬ ರಸದೋಷವೊಂದನ್ನು ಹೇಳಿದ್ದಾರೆ. ಕವಿಯು ವಿಭಾವ ಅನುಭಾವಗಳನ್ನು ಕಟ್ಟಿ ರಸವನ್ನು ಧ್ವನಿಸದೆ, 'ಇಲ್ಲಿ ಶೃಂಗಾರ', 'ಇಲ್ಲಿ ಭಯ' ಎಂದು ಹೆಸರಿಟ್ಟು ಹೇಳಿದರೆ ರಸವು ಹುಟ್ಟುವುದಿಲ್ಲ. ಸಂಗೀತಕ್ಕೆ ಶಬ್ದವಿಲ್ಲದಿರುವುದರಿಂದ ಈ ದೋಷವು ಅದಕ್ಕೆ ತಟ್ಟದೆಂದು ತೋರಬಹುದು. ವಾಸ್ತವವು ಹಾಗಲ್ಲ. ಬಳಕೆಯಿಂದ ಕೆಲವು ನಾದಗಳು ಶಬ್ದಗಳಂತೆಯೇ ವಾಚಕವಾಗಿಬಿಟ್ಟಿವೆ. ಪಿಟೀಲುಗಳ ನಡುಕವು ಭಯವೆಂದೂ, ತುತ್ತೂರಿಯ ಮೊಳಗು ವೀರವೆಂದೂ, ಕೊಳಲಿನ ಒಂಟಿ ಎಳೆಯು ವಿರಹವೆಂದೂ ಯಾವ ಪ್ರೇಕ್ಷಕನಾದರೂ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲನು. ಪರದೆಯ ಮೇಲೆ ಮುಖವು ಬೆಳ್ಳಗಾಗುವ ಮೊದಲೇ ಪಿಟೀಲುಗಳು ನಡುಗಿದವೆಂದರೆ ಅದು ಭಯದ ಹೆಸರನ್ನು ಕೂಗಿದಂತೆಯೇ ಆಯಿತು. ಉಳಿದ ರಸಗಳು ಈ ದೋಷವನ್ನು ಹೇಗೋ ಸಹಿಸಿಕೊಂಡಾವು, ಅದ್ಭುತವು ಸಹಿಸಲಾರದು. ಅದರ ಸ್ಥಾಯಿಯಾದ ವಿಸ್ಮಯವು ಇನ್ನೂ ಹೆಸರು ಸಿಕ್ಕದ ವಸ್ತುವಿನ ಮುಂದೆ ಚಿತ್ತವು ನಿಂತುಬಿಡುವ ಸ್ಥಿತಿ. ಹೆಸರು ಸಿಕ್ಕಿತೋ, ಅದು ಭಯವೋ ಭಕ್ತಿಯೋ ಹರ್ಷವೋ ಆಗಿ ಇಳಿದುಹೋಗುತ್ತದೆ. ಈ ಲೇಖಕನು ಇರುವ ಗಣೇಶಗುಡಿಯಲ್ಲಿ ಕಾಳೀನದಿಗೆ ಅಡ್ಡಲಾಗಿ ಕಟ್ಟಿರುವ ಸೂಪಾ ಅಣೆಕಟ್ಟು ಇದೆ. ಎತ್ತರ 101 ಮೀಟರು. ಅದರ ಕೆಳಗೆ ಬಂದು ನಿಂತ ಹೊಸಬರು ಮೊದಲು ಸುಮ್ಮನಾಗುತ್ತಾರೆ. ಕ್ಷಣ ಕಳೆದ ಮೇಲೆ 'ಎಷ್ಟು ದೊಡ್ಡದು' ಎನ್ನುತ್ತಾರೆ. ವಿಸ್ಮಯವೆಲ್ಲ ಆ ಮೊದಲಿನ ಸುಮ್ಮನಿರುವಿಕೆಯಲ್ಲಿದೆ. ಹಿನ್ನೆಲೆಯ ಸಂಗೀತವು ಆ ಮೌನವನ್ನು ಹಿಗ್ಗಿಸಬೇಕೇ ಹೊರತು 'ಎಷ್ಟು ದೊಡ್ಡದು' ಎನ್ನುವವನ ಕೆಲಸವನ್ನು ಮಾಡಬಾರದು.

ಈ ಕಷ್ಟವನ್ನು ಹಿಂದಿನವರೂ ಅರಿತಿದ್ದರು. ವೆಲ್ಸನ ಕಥೆಯನ್ನಾಧರಿಸಿದ 'ಥಿಂಗ್ಸ್ ಟು ಕಮ್' (1936) ಚಿತ್ರಕ್ಕೆ ಆರ್ಥರ್ ಬ್ಲಿಸ್ ರಚಿಸಿದ ಸಂಗೀತವು ಚಿತ್ರಕ್ಕಿಂತ ಮೊದಲೇ, 1935ರಲ್ಲಿ, ಲಂಡನ್ನಿನ ಕಚೇರಿಯಲ್ಲಿ ಸ್ವತಂತ್ರವಾಗಿ ನುಡಿದಿತ್ತು. 1951ರ 'ದ ಡೇ ದಿ ಅರ್ತ್ ಸ್ಟುಡ್ ಸ್ಟಿಲ್' ಚಿತ್ರದಲ್ಲಿ ಬರ್ನಾರ್ಡ್ ಹೆರ್ಮನನು, ಕೈ ತಾಗಿಸದೆ ನುಡಿಸುವ ಥೆರೆಮಿನ್ ಎಂಬ ವಿದ್ಯುದ್ವಾದ್ಯಗಳೆರಡನ್ನು ಬಳಸಿದನು. ಕೇಳದ ನಾದದಿಂದ ಕಾಣದ ಲೋಕವನ್ನು ಸೂಚಿಸುವ ಯತ್ನವದು. ಅದರೆ ಅನುಕರಿಸುವವರ ಕೈಗೆ ಸಿಕ್ಕಿ ಆ ನಾದವೂ ಬೇಗನೆ ವಾಚಕವಾಯಿತು. ಥೆರೆಮಿನ್ ಕೂಗಿದರೆ ಅನ್ಯಲೋಕದವನು ಬಂದನೆಂದೇ ಅರ್ಥವಾಯಿತು. 1956ರ 'ಫರ್ಬಿಡನ್ ಪ್ಲಾನೆಟ್' ವಾದ್ಯವೃಂದವನ್ನೇ ಬಿಟ್ಟು ವಿದ್ಯುನ್ನಾದಗಳನ್ನಷ್ಟೇ ನಚ್ಚಿತು. ಇನ್ನು 1977ರ 'ಸ್ಟಾರ್ ವಾರ್ಸ್' ಚಿತ್ರಕ್ಕೆ ಜಾನ್ ವಿಲಿಯಮ್ಸನು ಕೊಟ್ಟ ಸಂಗೀತದ ಕೀರ್ತಿಯು ದೊಡ್ಡದು, ಅದಕ್ಕೆ ಅರ್ಹವಾದದ್ದೂ ಹೌದು. ಅಲ್ಲಿ ಒಂದೊಂದು ಪಾತ್ರಕ್ಕೂ ಒಂದೊಂದು ಸ್ವರಪಂಕ್ತಿಯಿದ್ದು, ಪ್ರಾವೇಶಿಕೀ ಧ್ರುವೆಯಂತೆ ಅದು ಪಾತ್ರದ ಬರವನ್ನು ಸಾರುತ್ತದೆ. ಅದರೆ ಆ ಚಿತ್ರದ ರಸವು ವೀರ. ಅದ್ಭುತವು ವೀರದಿಂದ ಹುಟ್ಟುವುದೆಂದು ಭರತನೇ ಹೇಳಿರುವನಾದರೂ ತಾಯಿಗೆ ಒಪ್ಪುವ ಒಡವೆಗಳೆಲ್ಲ ಮಗಳಿಗೂ ಒಪ್ಪುವುದಿಲ್ಲ.

'2001'ರಲ್ಲಿ ಮೊದಲು ಗಮನಿಸತಕ್ಕದ್ದು ರಿಚರ್ಡ್ ಸ್ಟ್ರಾಸನ ಕೃತಿಯ ಆದಿಭಾಗ. ನೀಚೆಯ ಜರತುಷ್ಟ್ರಗ್ರಂಥದ ಹೆಸರನ್ನು ಹೊತ್ತ ಈ ಕೃತಿಯು 1896ರದು. ಇದರ ಮೊದಲ ನುಡಿತವನ್ನು ನಮ್ಮ ಪರಿಭಾಷೆಯಲ್ಲಿ ಹೇಳಿದರೆ ಅದರ ಮರ್ಮವು ಪಾಶ್ಚಾತ್ಯರ ವಿವರಣೆಗಿಂತ ಬೇಗನೆ ತಿಳಿಯುತ್ತದೆ. ಅತಿಮಂದ್ರದಲ್ಲಿ ಷಡ್ಜವೊಂದು ಶ್ರುತಿಯಂತೆ ನಿಲ್ಲುತ್ತದೆ. ಅದರ ಮೇಲೆ ತುತ್ತೂರಿಗಳು ಷಡ್ಜ, ಪಂಚಮ, ತಾರಷಡ್ಜ ಎಂದು ಮೂರೇ ಸ್ವರಗಳನ್ನು ನಿಧಾನವಾಗಿ ಏರುತ್ತವೆ. ಷಡ್ಜಪಂಚಮಗಳು ವಿಕೃತಿಯಿಲ್ಲದ ಸ್ವರಗಳು, 72 ಮೇಳಗಳಿಗೂ ಸಮಾನವಾದವು. ಇಷ್ಟನ್ನು ಕೇಳಿದ ಮಾತ್ರದಿಂದ ರಾಗವಾವುದೆಂದು ಯಾವ ವಿದ್ವಾಂಸನೂ ಹೇಳಲಾರನು. ಹೇಳಬೇಕಾದರೆ ಗಾಂಧಾರವು ಬೇಕು. ಆ ಗಾಂಧಾರವು ಇಡೀ ವೃಂದದ ಮೊಳಗಿನೊಡನೆ ಬರುತ್ತದೆ. ಅಂತರಗಾಂಧಾರವಾಗಿ ಬಂದು ಮರುಕ್ಷಣವೇ ಸಾಧಾರಣಗಾಂಧಾರಕ್ಕೆ ಜಾರುತ್ತದೆ. ಬೆಳಕು ಬಂದಿತೆನ್ನುವಷ್ಟರಲ್ಲಿ ಮಂಕು ಕವಿದಂತೆ. ಭೇರಿಯು ಷಡ್ಜಪಂಚಮಗಳನ್ನು ಬಡಿಯುತ್ತದೆ. ಮತ್ತೆ ಅದೇ ಮೂರು ಸ್ವರ. ಈ ಸಲ ಸಾಧಾರಣಗಾಂಧಾರವು ಮೊದಲು, ಅಂತರಗಾಂಧಾರವು ಬಳಿಕ. ಮೂರನೆಯ ಸಲ ಮಾತ್ರವೇ ನಾದವು ಮೇಲಕ್ಕೆ ಬಿಚ್ಚಿಕೊಂಡು ನೆಲೆಗೊಳ್ಳುತ್ತದೆ. ವೃಂದವು ನಿಂತಮೇಲೂ ಆರ್ಗನ್ನಿನ ನಾದವು ಒಂಟಿಯಾಗಿ ಉಳಿಯುತ್ತದೆ. ವಿಸ್ಮಯದ ಸ್ಥಿತಿಯನ್ನು ಹೆಸರಿಸದೆ ನಡೆಸಿ ತೋರಿಸುವುದೆಂದರೆ ಇದು. ಕೇಳುವವನ ಚಿತ್ತವು ಗಾಂಧಾರಕ್ಕಾಗಿ ಕಾಯುತ್ತದೆ. ಬಂದರೂ ಅದು ಎರಡಾಗಿ ಬಂದು ನಿಶ್ಚಯವನ್ನು ಮುಂದಕ್ಕೆ ನೂಕುತ್ತದೆ.

ಇದನ್ನು ಕೂಬ್ರಿಕನು ಮೂರೇ ಕಡೆ ಇಟ್ಟಿದ್ದಾನೆ. ಆರಂಭದಲ್ಲಿ ಚಂದ್ರ ಭೂಮಿ ಸೂರ್ಯರು ಒಂದೇ ಸಾಲಿಗೆ ಬರುವಾಗ, ವಾನರವು ಮೂಳೆಯನ್ನು ಎತ್ತಿದಾಗ, ಕೊನೆಗೆ ನಕ್ಷತ್ರಶಿಶುವು ಭೂಮಿಯನ್ನು ನೋಡುವಾಗ. ಎರಡನೆಯದರಲ್ಲಿ ಒಂದು ಕ್ರೌರ್ಯವೂ ಇದೆ. ಕಣ್ಣೆದುರಿಗೆ ಕಾಣುವುದು ಕೊಲೆಯ ಅಭ್ಯಾಸ. ಕಿವಿಗೆ ಕೇಳುವುದು ಸೂರ್ಯೋದಯ. ಸಂಗೀತವು ದೃಶ್ಯವನ್ನು ಅನುವದಿಸಿದ್ದರೆ ಇಲ್ಲಿ ರೌದ್ರವಷ್ಟೇ ಉಳಿಯುತ್ತಿತ್ತು. ಅದು ದೃಶ್ಯಕ್ಕೆ ಎದುರಾಗಿ ನಿಂತುದರಿಂದ ಬುದ್ಧಿಯ ಹುಟ್ಟೂ ಹಿಂಸೆಯ ಹುಟ್ಟೂ ಒಂದೇ ಗಳಿಗೆಯದೆಂಬ ಅರ್ಥವು ಧ್ವನಿಸಿತು.

ಚಪ್ಪಡಿಯು ಕಂಡಲ್ಲೆಲ್ಲ ಬರುವುದು ಹಂಗೇರಿಯ ಲಿಗೆಟಿಯ 'ರಿಕ್ವಿಯಮ್' (1965). ಸ್ಟ್ರಾಸನಲ್ಲಿ ಗಾಂಧಾರಮಾತ್ರ ಸಂದಿಗ್ಧ. ಇಲ್ಲಿ ಷಡ್ಜವೇ ಇಲ್ಲ. ನೂರಾರು ಕಂಠಗಳು ಒಂದರ ಬೆನ್ನಿಗೊಂದು ಅತಿಸಮೀಪದ ಸ್ವರಗಳಲ್ಲಿ ತೆವಳುವುದರಿಂದ, ಸಪ್ತಕದ ಸ್ಥಾನಗಳೆಲ್ಲ ಏಕಕಾಲದಲ್ಲಿ ನುಡಿದಂತಾಗಿ, ಆಧಾರಶ್ರುತಿಯೂ ತಾಳವೂ ಕರಗುತ್ತವೆ. ಆ ಕಂಠಗಳು ಹಾಡುವುದು ಕ್ರೈಸ್ತರ ಅಪರಕರ್ಮದ ಪ್ರಾರ್ಥನೆಯ ಮಾತುಗಳನ್ನು. ಅದರೆ ಒಂದು ಮಾತೂ ಕಿವಿಗೆ ಬಿಡಿಯಾಗಿ ಸಿಕ್ಕುವುದಿಲ್ಲ. ವಾಚ್ಯವು ಪೂರ್ತಿ ಅಳಿದುಹೋಗಿ ಮನುಷ್ಯಕಂಠವೆಂಬ ಅರಿವಷ್ಟೇ ಉಳಿಯುತ್ತದೆ. ಅದರಿಂದಲೇ ಚಪ್ಪಡಿಯು ದೇವರೋ ಯಂತ್ರವೋ ಪ್ರೇತವೋ ಎಂದು ನಿರ್ಣಯಿಸಲಾಗದೆ ನಾವು ನಿಲ್ಲುತ್ತೇವೆ. ಅದೇ ಲಿಗೆಟಿಯ 'ಅಟ್ಮಾಸ್ಫಿಯರ್ಸ್' (1961) ಚಿತ್ರದ ಮುನ್ನವೇ, ಪರದೆಯ ಮೇಲೆ ಏನೂ ಇಲ್ಲದ ಕತ್ತಲೆಯಲ್ಲಿ ನುಡಿಯುತ್ತದೆ. ಪೂರ್ವರಂಗದ ಅರ್ಥವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ನಮ್ಮ ಜಿಲ್ಲೆಯ ಬಡಗುತಿಟ್ಟಿನ ಆಟವನ್ನು ನೋಡಿದವರಿಗೆ ಇನ್ನೂ ಹತ್ತಿರದ ಹೋಲಿಕೆಯುಂಟು: ಬಣ್ಣದ ವೇಷವು ತೆರೆಯ ಹಿಂದಿರುವಾಗ ಚಂಡೆಯು ನಮಗೆ ಹೇಳುವುದು ಯಾರೋ ಇದ್ದಾರೆಂಬುದನ್ನು ಮಾತ್ರ, ಯಾರೆಂಬುದನ್ನಲ್ಲ.

ವಿಯೆನ್ನದ ಯೋಹಾನ್ ಸ್ಟ್ರಾಸನ 'ನೀಲಿ ಡ್ಯಾನ್ಯೂಬ್' ನರ್ತನಸಂಗೀತದ ವಿಷಯದಲ್ಲಿ ಆಕ್ಷೇಪವು ಬರುವುದು ಸಹಜ. ಹತ್ತೊಂಬತ್ತನೆಯ ಶತಮಾನದ ಜೋಡಿನೃತ್ಯದ ಗತಿಗೆ ಗಗನನೌಕೆಯು ಕುಣಿಯುವುದು ಅನೌಚಿತ್ಯವಲ್ಲವೆ ಎಂದು ಕೇಳಬಹುದು. ಕ್ಷೇಮೇಂದ್ರನ ಶಿಷ್ಯರು ಇಲ್ಲಿ ತುಸು ತಾಳಬೇಕು. ಪರದೆಯ ಮೇಲೆ ಚಕ್ರಾಕಾರದ ನಿಲ್ದಾಣವು ಸುತ್ತುತ್ತಿದೆ. ನೌಕೆಯು ಅದರೊಳಗೆ ಸೇರಬೇಕಾದರೆ ತಾನೂ ಅದೇ ವೇಗದಲ್ಲಿ ಸುತ್ತಬೇಕು. ಎರಡು ಶರೀರಗಳು ಒಂದನ್ನೊಂದು ನೋಡುತ್ತ ಸುತ್ತುವುದೇ ಆ ನೃತ್ಯ. ಗಣಿತದ ಸತ್ಯವೂ ತಿಶ್ರಗತಿಯೂ ಇಲ್ಲಿ ಕೂಡಿಬಂದಿವೆ. ಮತ್ತೊಂದು ಸೂಕ್ಷ್ಮವೂ ಇದೆ: ಈ ಯುಗದ ಮನುಷ್ಯರಿಗೆ ಗಗನಯಾನವು ನಿತ್ಯದ ಕೆಲಸ, ನೌಕೆಯ ಏಕೈಕ ಯಾತ್ರಿಕನು ನಿದ್ದೆಹೋಗಿದ್ದಾನೆ. ವಿಸ್ಮಯವು ನಮ್ಮದು, ಅವನದಲ್ಲ. ಈ ಹಗುರವಾದ ಸಂಗೀತವು ಅವನ ಕಡೆಗೆ ಮಾತಾಡುತ್ತದೆ.

ಸಂಗೀತವಿಲ್ಲದ ಎಡೆಗಳನ್ನೂ ಸಂಗೀತದ ಲೆಕ್ಕಕ್ಕೇ ಸೇರಿಸಬೇಕು. ಗುರುಗ್ರಹದ ಯಾತ್ರೆಯ ಮೊದಲಲ್ಲಿ ಖಚಾತುರಿಯನನ ಮಂದಗತಿಯ ಒಂದು ತುಣುಕು ಬಂದು ಹೋದ ಮೇಲೆ, ಹಾಲ್ ಎಂಬ ಯಂತ್ರಬುದ್ಧಿಯು ಯಾತ್ರಿಕರಿಗೆ ಮುನಿಯುವ ಭಾಗದಲ್ಲೆಲ್ಲ ವಾದ್ಯವೃಂದವು ಬಾಯಿ ತೆರೆಯುವುದಿಲ್ಲ. ಯಾತ್ರಿಕನ ಉಸಿರಾಟವೊಂದು ಕೇಳುತ್ತದೆ. ಜೊತೆಗಾರನು ಸಾಯುವಾಗ ಅದೂ ಇಲ್ಲ. ಹಾಲ್ ತನ್ನ ಬುದ್ಧಿಯು ಒಂದೊಂದಾಗಿ ಕಳಚಿ ಬೀಳುತ್ತಿರುವಾಗ ತನಗೆ ಮೊದಲು ಕಲಿಸಿದ್ದ 'ಡೇಸಿ ಬೆಲ್' ಎಂಬ ಹಳೆಯ ಹಾಡನ್ನು ಹಾಡುತ್ತದೆ. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಗಣಕಯಂತ್ರವು ನಿಜವಾಗಿಯೇ ಹಾಡಿದ್ದ ಹಾಡು ಅದು. ಹಿನ್ನೆಲೆಯಲ್ಲಿ ಒಂದು ತಂತಿಯೂ ಮಿಡಿಯದಿರುವುದರಿಂದಲೇ, ಕೊಲೆಗಾರನಾದ ಯಂತ್ರದ ಮೇಲೆ ಕರುಣವು ಹುಟ್ಟುತ್ತದೆ.

ಈಗ ನಾರ್ತನ ಕಡೆಗೆ ತಿರುಗಬಹುದು. ಅವನ ಕೃತಿಯು ಕೀಳಾದುದೆಂದು ಯಾರೂ ಹೇಳಲಾಗದು. ವಾದ್ಯಗಳ ಜೋಡಣೆಯಲ್ಲಿ ಅವನ ಕೈ ಬಲವಾದದ್ದು. ಅದರ ಕೆಲವು ಅಂಶಗಳನ್ನು ಅವನು 1981ರ 'ಡ್ರ್ಯಾಗನ್‌ಸ್ಲೇಯರ್' ಚಿತ್ರದಲ್ಲಿ ಮತ್ತೆ ಬಳಸಿದನು, ಅಲ್ಲಿ ಅವು ಚೆನ್ನಾಗಿಯೇ ಒಪ್ಪಿದವು. ಅದರೆ ವಾನರರ ಭಾಗವನ್ನು ನೋಡಿರಿ. ಆಹಾರವನ್ನು ಹುಡುಕುವಾಗ ಒಂದು, ರಾತ್ರಿ ಗುಹೆಯಲ್ಲಿ ಅಂಜಿ ಕುಳಿತಾಗ ಒಂದು, ಬೇಟೆಯಾಡಿ ತಿನ್ನುವಾಗ ಒಂದು ಎಂದು ನಾರ್ತನು ಬೇರೆಬೇರೆ ಭಾಗಗಳನ್ನು ರಚಿಸಿದ್ದನು. ರಾತ್ರಿಯ ಭಾಗವನ್ನು ಕೇಳುವಾಗ ಭಯವೆಂಬುದು ನಮಗೆ ತಕ್ಷಣವೇ ತಿಳಿಯುತ್ತದೆ. ಕೂಬ್ರಿಕನ ಚಿತ್ರದಲ್ಲಿ ಅದೇ ದೃಶ್ಯಕ್ಕೆ ಗಾಳಿಯ ಸದ್ದು, ದೂರದ ಮೃಗದ ಗುರುಗುಟ್ಟುವಿಕೆ ಇಷ್ಟೇ. ಕತ್ತಲಲ್ಲಿ ಹೊಳೆಯುವ ಕಣ್ಣುಗಳನ್ನು ನಾವು ನೋಡಿ, ಅವು ಏನನ್ನು ಅನುಭವಿಸುತ್ತಿವೆಯೆಂಬುದನ್ನು ನಾವೇ ಊಹಿಸಬೇಕು. ನಾರ್ತನು ಮಾಡಿದ್ದು ತಪ್ಪಲ್ಲ. ಚಿತ್ರಸಂಗೀತವೆಂದರೆ ಏನೆಂದು ಆ ಕಾಲದವರೆಲ್ಲ ತಿಳಿದಿದ್ದರೋ ಅದನ್ನೇ ಉತ್ತಮವಾಗಿ ಮಾಡಿದನು. ಈ ಚಿತ್ರಕ್ಕೆ ಅದು ಬೇಕಾಗಿರಲಿಲ್ಲ.

ಅನ್ಯರ ಕೃತಿಗಳನ್ನು ತಂದು ಹೊಂದಿಸಿದ್ದನ್ನು ರಚನೆಯೆಂದು ಕರೆಯಬಹುದೆ ಎಂದು ಕೆಲವರು ಕೇಳುತ್ತಾರೆ. ಪಂಪನು ವ್ಯಾಸನ ಕಥೆಯನ್ನು ತೆಗೆದುಕೊಂಡನಲ್ಲವೆ ಎಂದು ಉತ್ತರಿಸುವುದು ಸುಲಭ, ಅದರೆ ಸರಿಯಲ್ಲ. ಪಂಪನು ತೆಗೆದುಕೊಂಡದ್ದನ್ನು ಕರಗಿಸಿ ಎರಕಹೊಯ್ದನು, ಕೂಬ್ರಿಕನು ಒಂದು ಸ್ವರವನ್ನೂ ಹೊಸದಾಗಿ ರಚಿಸಲಿಲ್ಲ. ಅವನನ್ನು ಹೋಲಿಸಬೇಕಾದದ್ದು 'ಸೂಕ್ತಿಸುಧಾರ್ಣವ'ದ ಮಲ್ಲಿಕಾರ್ಜುನನಿಗೆ. ಹಿಂದಿನ ಕವಿಗಳ ಪದ್ಯಗಳನ್ನು ವರ್ಣನೆಗಳ ಕ್ರಮದಲ್ಲಿ ಜೋಡಿಸಿದ ಆ ಹದಿಮೂರನೆಯ ಶತಮಾನದ ವಿದ್ವಾಂಸನು ಕವಿಯೆನಿಸದಿದ್ದರೂ, ಯಾವ ಪದ್ಯದ ಪಕ್ಕದಲ್ಲಿ ಯಾವುದು ನಿಂತರೆ ಎರಡೂ ಬೆಳಗುತ್ತವೆಂಬುದನ್ನು ಬಲ್ಲ ಸಹೃದಯನು. ಒಂದು ಭೇದವನ್ನು ಮಾತ್ರ ಮರೆಯಬಾರದು. ಮಲ್ಲಿಕಾರ್ಜುನನ ಕವಿಗಳಲ್ಲಿ ಅನೇಕರು ಗತಿಸಿದ್ದವರು, ಲಿಗೆಟಿಯು ಬದುಕಿದ್ದನು. ತನ್ನ ಕೃತಿಗಳನ್ನು ಹೀಗೆ ಬಳಸಿದ್ದಕ್ಕೂ, 'ಅವಾಂತ್ಯೂರ್' ಎಂಬುದನ್ನು ವಿಕಾರಗೊಳಿಸಿದ್ದಕ್ಕೂ ಅವನು ಆಕ್ಷೇಪಿಸಿದನು. ಚಿತ್ರವನ್ನು ಅವನು ಮೆಚ್ಚಿದ್ದನೆಂಬುದರಿಂದ ಆ ಆಕ್ಷೇಪದ ನ್ಯಾಯವು ಕಡಮೆಯಾಗದು.

ಮೈಸೂರಿನ ಎಳೆಯ ಮಾತು ಉಳಿದಿದೆ. ಚಿತ್ರದಲ್ಲಿ ಕೇಳುವ ಜರತುಷ್ಟ್ರಸಂಗೀತವು ಹರ್ಬರ್ಟ್ ಫಾನ್ ಕರಾಯಾನನು ವಿಯೆನ್ನದ ವೃಂದದಿಂದ 1959ರಲ್ಲಿ ನುಡಿಸಿದ್ದು. ಈ ಕರಾಯಾನನು ಯುದ್ಧಾನಂತರದಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯ ವೃಂದದೊಡನೆ ಮಾಡಿದ ಮುದ್ರಿಕೆಗಳಲ್ಲಿ ಬಲಾಕಿರೆವ್, ರೂಸೆಲ್ ಮೊದಲಾದವರ ಕೃತಿಗಳಿಗೆ ಪೋಷಕರಾಗಿದ್ದವರು ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜೇಂದ್ರ ಒಡೆಯರವರು (1919-1974). ಆ ವೃಂದದ ಕಚೇರಿಸಂಘಕ್ಕೆ 1948ರಲ್ಲಿ ಮೊದಲ ಅಧ್ಯಕ್ಷರಾದವರೂ ಅವರೇ. ರಷ್ಯದ ಮೆಟ್ನರನು ತನ್ನ ಮೂರನೆಯ ಪಿಯಾನೋ ಕೃತಿಯನ್ನು ಅರ್ಪಿಸಿದ್ದೂ ಅವರಿಗೆ. ರಿಚರ್ಡ್ ಸ್ಟ್ರಾಸನು 1949ರಲ್ಲಿ ತೀರಿಕೊಂಡಾಗ ಅವನ ಕೊನೆಯ ನಾಲ್ಕು ಹಾಡುಗಳು ಇನ್ನೂ ಹಾಡಲ್ಪಟ್ಟಿರಲಿಲ್ಲ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರನ ನಾಯಕತ್ವದಲ್ಲಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲು ಹಾಡಿದಾಗ, ವೆಚ್ಚಕ್ಕೆ ಹೊಣೆನಿಂತವರು ಮೈಸೂರಿನ ಪ್ರಭುಗಳು. ಅವರು ಕೇಳಲೆಂದು ಆ ಕಚೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಶ್ರೀವಿದ್ಯೆಯ ಅಂಕಿತದಲ್ಲಿ 94 ಕೃತಿಗಳನ್ನು ಕರ್ಣಾಟಕ ಸಂಗೀತದಲ್ಲಿ ರಚಿಸಿದ ಆ ಕಿವಿಗೆ ಸ್ಟ್ರಾಸನ ಗಾಂಧಾರಗಳು ಹೇಗೆ ಕೇಳಿದ್ದಾವು! ಆ ಕಿವಿಯಿಂದ ಪಾಶ್ಚಾತ್ಯ ವೃಂದವನ್ನು ಅಳೆದು ಬರೆದ ಕನ್ನಡ ವಿಮರ್ಶೆಯೊಂದು ನಮ್ಮಲ್ಲಿ ಬೆಳೆಯಬಹುದಾಗಿತ್ತು.

ಕೂಬ್ರಿಕನು ಎಡವಿದ ಒಂದು ಸ್ಥಳವನ್ನೂ ಹೇಳಿಬಿಡುವುದು ನ್ಯಾಯ. ನಕ್ಷತ್ರಶಿಶುವು ನಮ್ಮ ಕಡೆಗೆ ಕಣ್ಣು ಹೊರಳಿಸಿ, ಜರತುಷ್ಟ್ರದ ಕೊನೆಯ ನಾದವು ಆರಿದೊಡನೆಯೇ, ಹೆಸರುಗಳ ಪಟ್ಟಿಯ ಮೇಲೆ ಮತ್ತೆ ಆ ಡ್ಯಾನ್ಯೂಬ್ ನರ್ತನವು ಮೊದಲಾಗುತ್ತದೆ. ಪಟ್ಟಿಯು ಮುಗಿದ ಮೇಲೂ ಬರಿಯ ಕತ್ತಲೆಯಲ್ಲಿ ನುಡಿಯುತ್ತಲೇ ಇರುತ್ತದೆ. ಇದನ್ನು ಪ್ರಾಸಾದಿಕೀ ಧ್ರುವೆಯೆಂದು ಸಮರ್ಥಿಸಬಹುದೇನೋ. ಅದರೆ ತಿಳಿಗೊಳಿಸಬೇಕಾದ ಚಿತ್ತವು ಅಲ್ಲಿ ಕದಡಿರಲಿಲ್ಲ, ನಿಂತಿತ್ತು. ಮೂರೂವರೆ ಗಳಿಗೆಗೂ ಮಿಗಿಲಾಗಿ ಹಟಹಿಡಿದು ಕಾಪಾಡಿದ ಮೌನವನ್ನು ಇನ್ನೆರಡು ನಿಮಿಷ ಹಾಗೆಯೇ ಬಿಟ್ಟಿದ್ದರೆ ಸಾಕಾಗಿತ್ತು.